ಎರಡು ಚೀಲ ಇದ್ದಲಿ

“ಹಳೇ ಚೀಲ ಎಲ್ಲಿ ಅದಾವ್ರಿ ಅಕ್ಕೋರ?” ಎಂದು ಪ್ರಭುರಾಜ ಕೇಳಿದಾಗ ದಾನೇಶ್ವರಿ ಅಂಗನವಾಡಿಯ ಮಕ್ಕಳಿಗೆ ಹಾಲು ಹಂಚುತ್ತಿದ್ದಳು.

“ಅವು ಇಲ್ರಿ ಸರ. ಕೊಟ್ಟಬಿಟ್ಟೆ,” ಎಂದಳು, ಲೋಟದಿಂದ ಕಣ್ಣೆತ್ತದೆ.

“ಕೊಟ್ರಿ? ಯಾರಿಗೆ?”

“ಗೌಸಬೀಗ್ರಿ. ಹನುಮಸಾಗರದಾಕಿ, ಹಲ್ಲುಪುಡಿ ಮಾರಾಕ ಬರ್ತಾಳಲ್ಲ, ಆಕಿಗೆ. ಇಷ್ಟು ಛಲೋ ಇದ್ದಲಿ ಸುಮ್ನ ಬಿದ್ದೈತಿ, ಕೊಡ್ರಿ ಅಕ್ಕೋರ ಅಂದ್ಲು. ನೀವ ವೇಸ್ಟ್ ಅಂದಿದ್ರೆಲ್ಲ ಅಂತ ಕೊಟ್ಟೆ.”

ಹಿಂದೆ ಕುರ್ಚಿ ಕಿರುಗುಟ್ಟಿತು. ದಾನೇಶ್ವರಿ ತಿರುಗಿ ನೋಡಿದಳು. ಆರಡಿ ಎತ್ತರದ ಪ್ರಭುರಾಜ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ಬರುವಂತೆ ಕುಸಿದು ಕುಳಿತಿದ್ದ.

“ಹಲ್ಲುಪುಡಿಗೆ?” ಎಂದ ಮೆಲ್ಲಗೆ. “ಬಾಯಾಗ ಹಾಕ್ಕೊಳ್ಳೂ ಪುಡಿಗೆ?”

ಅವಳು ಲೋಟ ಕೆಳಗಿಟ್ಟಳು.

ಹಿಟ್ನಾಳದಿಂದ ನಾಲ್ಕು ಕಿಲೋಮೀಟರ್ ಒಳಗಿದ್ದ ಆ ಊರಿನ ಬೋರ್‌ವೆಲ್ ನೀರಿನಲ್ಲಿ ಸೀಸವಿದೆ ಎಂದು ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. ಎಲ್ಲಿಂದಲೋ ಬಂದವರು ಊರ ಹೊರಗೆ ಶೆಡ್ಡು ಹಾಕಿ, ಹಳೆಯ ಗಾಡಿಗಳ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಹೊಗೆ ತಡೆಯಲಾಗದೆ ಜನ ಜಗಳ ತೆಗೆದಾಗ ಗಂಟುಮೂಟೆ ಕಟ್ಟಿಕೊಂಡು ಹೋದರು. ಹೂತಿದ್ದ ಸೀಸದ ಬೂದಿಯನ್ನು ಮಾತ್ರ ನೆಲದಲ್ಲೇ ಬಿಟ್ಟು ಹೋದರು. ಕೊಪ್ಪಳದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಪ್ರಭುರಾಜ ನೀರು ಪರೀಕ್ಷೆ ಮಾಡಿಸಿದವನು. ಪರಿಹಾರ ಹುಡುಕಿದವನೂ ಅವನೇ. ಕುಷ್ಟಗಿಯ ಎಣ್ಣೆ ಮಿಲ್ಲಿನಿಂದ ಶೇಂಗಾ ಸಿಪ್ಪೆ ತಂದು, ಗಾಳಿಯಾಡದಂತೆ ಮುಚ್ಚಿದ ಕಬ್ಬಿಣದ ಪೀಪಾಯಿಯಲ್ಲಿ ಸುಟ್ಟು ಇದ್ದಲಿ ಮಾಡಿದ. ಅದನ್ನು ಜಜ್ಜಿ, ತೊಳೆದು, ಒಣಗಿಸಿ ಅಂಗನವಾಡಿಯಲ್ಲಿಟ್ಟ ನೀಲಿ ಡ್ರಮ್ಮಿಗೆ ತುಂಬಿದ. ಮೇಲಿನಿಂದ ನೀರು ಸುರಿದರೆ ಸೀಸ ಇದ್ದಲಿಗೆ ಅಂಟಿಕೊಂಡು ಕೆಳಗಿನ ನಲ್ಲಿಯಲ್ಲಿ ಒಳ್ಳೆಯ ನೀರು ಬರುತ್ತಿತ್ತು. ಊರಿನವರೆಲ್ಲ ಅಂಗನವಾಡಿಗೆ ಕೊಡ ಹಿಡಿದು ಬರತೊಡಗಿದರು. ನಾಲ್ಕು ತಿಂಗಳಿಗೊಮ್ಮೆ ಇದ್ದಲಿ ಬದಲಿಸಬೇಕು. ಮೊದಲ ಸಲ ತೆಗೆದ ಹಳೆಯದನ್ನು ಅವನು ಎರಡು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹಿಂದಿನ ಕೋಣೆಯಲ್ಲಿಟ್ಟು, ಮೇಲೆ ಕರಿ ಮಸಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿದ್ದ. “ಇದು ವೇಸ್ಟ್ ಅಕ್ಕೋರ, ಆಮ್ಯಾಲೆ ಒಯ್ತೀನಿ,” ಎಂದಿದ್ದ. ಹೇಳಿದ್ದು ಅಷ್ಟೇ.

“ಅದರಾಗ ಏನೈತ್ರಿ ಸರ?” ದಾನೇಶ್ವರಿ ಕೇಳಿದಳು.

“ನಾಕು ತಿಂಗಳು ಈ ನೀರಾಗಿಂದ ಹಿಡಿದ ಸೀಸ ಎಲ್ಲಾ ಅದರಾಗ ಐತ್ರಿ. ನೀರಿಗೆ ಅದು ಬಿಟ್ಟುಕೊಡೂದಿಲ್ಲ. ಹುಳಿ ತಾಗಿದ್ರ ಬಿಡತೈತಿ.” ಅವನು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. “ಹೊಟ್ಟ್ಯಾಗ ಹುಳಿನ ಇರತೈತಲ್ರಿ.”

“ಸಣ್ಣ ಕೂಸು ನುಂಗಿದ್ರ?”

ಅವನು ಎದ್ದು ಜೇಬಿನಿಂದ ಕಾರಿನ ಕೀಲಿ ತೆಗೆದ.

ಚೀಲ ಕೊಟ್ಟು ಹನ್ನೆರಡು ದಿನವಾಗಿತ್ತು. ದಾನೇಶ್ವರಿ ಆ ದಿನವನ್ನು ನೆನಪಿಸಿಕೊಂಡಳು. ಚೀಲದ ಬಾಯಿ ಸಡಿಲವಾಗಿತ್ತು, ಬರಿಗೈಯಿಂದಲೇ ಬಿಗಿದು ಕಟ್ಟಿದ್ದಳು. ಕರಿಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡಿದ್ದಳೋ, ತೊಳೆದಿದ್ದಳೋ? ಅದಾದ ಮೇಲೆ ಮಕ್ಕಳಿಗೆ ಅನ್ನ ಕಲಸಿ ತಿನ್ನಿಸಿದ್ದು ಇದೇ ಕೈ. ಹಾಲು ಕುಡಿದು ಮೀಸೆ ಬರಿಸಿಕೊಂಡ ಹದಿನೆಂಟು ಮುಖಗಳು ಅವಳನ್ನೇ ನೋಡುತ್ತಿದ್ದವು. ಅವಳಿಗೆ ಆ ಕಡೆ ನೋಡಲಾಗಲಿಲ್ಲ.

ಸಹಾಯಕಿ ಪಾರ್ವತೆಮ್ಮನಿಗೆ ಮಕ್ಕಳನ್ನು ಒಪ್ಪಿಸಿ, ಪ್ರಭುರಾಜನ ಹಳೆಯ ಕಾರಿನಲ್ಲಿ ಇಬ್ಬರೂ ಹೊರಟರು. ಗೌಸಬೀಯ ಹತ್ತಿರ ಫೋನಿರಲಿಲ್ಲ. ಹನುಮಸಾಗರದಲ್ಲಿ ಮಗಳ ಮನೆಯಲ್ಲಿದ್ದಾಳೆ, ಸಂತೆ ಸಂತೆಗೆ ಹೋಗುತ್ತಾಳೆ, ಗೊತ್ತಿದ್ದದ್ದು ಇಷ್ಟೇ.

ಹೆದ್ದಾರಿಯ ಮೇಲೆ ಕುಷ್ಟಗಿಗೆ ಇನ್ನೂ ಅರ್ಧ ದಾರಿ ಇರುವಾಗ ಪ್ರಭುರಾಜ ಬಾಯಿಬಿಟ್ಟ.

“ಅಕ್ಕೋರ, ಒಂದು ಮಾತು. ಆಕಿ ಹತ್ರ ಹೋಗಿ ಚೀಲ ಇಸಗೊಂಡು ಬಂದುಬಿಡೂಣು. ಯಾಕ ಅಂತ ಹೇಳೂದು ಬ್ಯಾಡ. ಬ್ಯಾರೆ ಕೆಲಸಕ್ಕ ಬೇಕಾಗೈತಿ ಅಂದ್ರ ಆತು.”

“ಮಾರಿದ್ದಿದ್ರ?”

“ಇನ್ನೂ ಬೀಸಿರಾಕಿಲ್ಲ, ಬಿಡ್ರಿ.” ಅವನು ಗಾಡಿಯ ವೇಗ ಹೆಚ್ಚಿಸಿದ. “ಇದು ಹೊರಗ ಬಂದ್ರ ನನ್ನ ನೌಕರಿ ಹೋಗತೈತಿ. ನಿಮ್ಮದೂ ಉಳಿಯಾಂಗಿಲ್ಲ. ಡ್ರಮ್ಮನ್ನೂ ಕಿತ್ತು ಹಾಕ್ತಾರ. ಊರ ಮಂದಿ ಮತ್ತ ಅದ ಬೋರಿನ ನೀರು ಕುಡೀತಾರ. ಯಾರಿಗೆ ಲಾಭರಿ?”

ದಾನೇಶ್ವರಿಗೆ ಅವನ ಮಾತು ಸರಿಯೆನಿಸಿತು. ಸರಿಯೆನಿಸಿದ್ದೇ ಅವಳನ್ನು ಇನ್ನಷ್ಟು ಹೆದರಿಸಿತು. ಕಿಟಕಿಯಾಚೆ ಕರಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಇನ್ನೂ ಬೀಸದಿರಲಿ, ದೇವರೇ ಇನ್ನೂ ಬೀಸದಿರಲಿ ಎಂದು ಅವಳು ಮನಸ್ಸಿನಲ್ಲೇ ಜಪಿಸುತ್ತಿದ್ದಳು.

ಹನುಮಸಾಗರ ಮುಟ್ಟಿದಾಗ ಮಧ್ಯಾಹ್ನ. ಅಂದು ಸಂತೆ. ರಸ್ತೆಯ ತುಂಬ ಎತ್ತು, ಆಡು, ಟಂಟಂ ಗಾಡಿ. ಹಲ್ಲುಪುಡಿಯ ಗೌಸಬೀ ಎಂದರೆ ಎಲ್ಲರಿಗೂ ಗೊತ್ತಿತ್ತು. ಯಾರೋ ಒಬ್ಬರು ಓಣಿ ತೋರಿಸಿದರು.

ಮನೆಯ ಕಟ್ಟೆಯ ಮೇಲೆ ನಾಲ್ಕು ವರ್ಷದ ಹುಡುಗಿಯೊಂದು ಕುಳಿತಿತ್ತು. ತೊಡೆಯ ಮೇಲೊಂದು ಡಬ್ಬಿ. ಬೆರಳನ್ನು ಡಬ್ಬಿಗೆ ಅದ್ದಿ ಬಾಯಿಗಿಟ್ಟುಕೊಳ್ಳುತ್ತ, ಚೀಪುತ್ತ, ಮತ್ತೆ ಅದ್ದುತ್ತ ತನ್ನಷ್ಟಕ್ಕೆ ತಾನು ಖುಷಿಯಾಗಿತ್ತು. ಹೊಸಬರನ್ನು ಕಂಡು ನಕ್ಕಿತು. ಹಲ್ಲು, ತುಟಿ, ನಾಲಿಗೆ, ಎಲ್ಲ ಕಪ್ಪು.

ದಾನೇಶ್ವರಿ ಓಡಿಹೋಗಿ ಡಬ್ಬಿ ಕಸಿದುಕೊಂಡಳು. ಸೆರಗಿನ ತುದಿಯನ್ನು ಮಗುವಿನ ಬಾಯೊಳಗೆ ತೂರಿಸಿ ಒರೆಸತೊಡಗಿದಳು. ಮಗು ಕಿರುಚಿತು. ಒಳಗಿನಿಂದ ತಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಯಾರ್ರಿ ನೀವು? ನನ್ನ ಮಗಳಿಗೆ ಏನ ಮಾಡಾಕ್ಹತ್ತೀರಿ?”

ಅವಳು ಜೈನಾಬೀ, ಗೌಸಬೀಯ ಮಗಳು. ಮಗುವಿನ ಹೆಸರು ಜಾಸ್ಮೀನ. ಅಂಗನವಾಡಿಯವರು ಎಂದು ಕೇಳಿ ಜೈನಾಬೀ ಸ್ವಲ್ಪ ತಣ್ಣಗಾದಳು. “ಆಕೀದು ಇದ ಆತ್ರಿ. ಉಪ್ಪುಪ್ಪು ಐತಿ ಅಂತ ಪುಡಿ ನೆಕ್ಕತಾಳ. ಬಡಿದ್ರೂ ಬಿಡವಲ್ಲಳು.”

“ಎಷ್ಟು ದಿನದಿಂದ?” ಪ್ರಭುರಾಜ ಕೇಳಿದ.

“ಹೊಸಾ ಪುಡಿ ಮಾಡಿದಾಗಿಂದ. ಒಂದು ಹತ್ತು ದಿನ ಆಗಿರಬೇಕ್ರಿ. ಯಾಕ್ರಿ?”

“ಏನಿಲ್ಲ ತಂಗಿ,” ಎಂದ ಪ್ರಭುರಾಜ ಅವಸರದಲ್ಲಿ. “ನಿಮ್ಮಮ್ಮ ಒಯ್ದ ಚೀಲ ನಮಗ ವಾಪಸ್ ಬೇಕಾಗಿತ್ತು, ಅಷ್ಟ...”

“ನಡುವ ಎರಡು ದಿನ ಹೊಟ್ಟಿನೋವು ಅಂತ ಅತ್ತಳ್ರಿ,” ಎಂದಳು ಜೈನಾಬೀ, ಇಬ್ಬರ ಮುಖವನ್ನೂ ಒಂದೊಂದಾಗಿ ನೋಡುತ್ತ. ಅವಳ ದನಿ ಇಳಿಯಿತು. “ಯಾಕ್ರಿ? ಏನಾಗೈತಿ ಹೇಳ್ರಿ.”

ಸುಳ್ಳು ಹೇಳಬೇಕೆಂದು ದಾನೇಶ್ವರಿಗೂ ಅನಿಸಿತ್ತು. ಆ ತಾಯಿಯ ಮುಖ ನೋಡಿದ ಮೇಲೆ ಆಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಮಗುವನ್ನು ಮಡಿಲಿಗೆ ಎಳೆದುಕೊಂಡು, ತಾನು ಮಾಡಿದ್ದನ್ನು ಮೊದಲಿನಿಂದ ಹೇಳಿದಳು. ಇದ್ದಲಿ ಕೊಟ್ಟವಳು ನಾನೇ. ಅದರಲ್ಲಿ ವಿಷವಿತ್ತು. ನನಗೆ ಗೊತ್ತಿರಲಿಲ್ಲ. ಜೈನಾಬೀ ಮಗಳನ್ನು ಕಸಿದುಕೊಂಡು ಒಳಗೆ ಓಡಿದಳು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಮಗುವಿನ ಅಳು, “ಉಗುಳು, ಉಗುಳಾ,” ಎಂಬ ಅವಳ ಕೂಗು ಹೊರಗೆ ಕೇಳುತ್ತಲೇ ಇತ್ತು.

ಗೌಸಬೀ ಸಂತೆಯಲ್ಲಿ ಉಳ್ಳಾಗಡ್ಡಿ ರಾಶಿಗಳ ಪಕ್ಕ ಗೋಣಿ ಹಾಸಿಕೊಂಡು ಕುಳಿತಿದ್ದಳು. ಅರವತ್ತು ದಾಟಿದ ಹೆಂಗಸು. ಮುಂದೆ ಸಾಲಾಗಿ ಪೊಟ್ಟಣಗಳು. ದಾನೇಶ್ವರಿಯನ್ನು ಕಂಡು ಮುಖ ಅರಳಿತು.

“ಬರ್ರಿ ಅಕ್ಕೋರ! ನಿಮ್ಮ ಇದ್ದಲಿ ಎಷ್ಟು ಛಲೋ ಬಂತು ಅಂದ್ರ, ಬೀಸಿದ್ರ ಬೆಣ್ಣಿ ಆದಂಗ ಆತು. ಇನ್ನ ಐತೇನ್ರಿ?”

ದಾನೇಶ್ವರಿ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ವಿಷಯ ಕೇಳುತ್ತಿದ್ದಂತೆ ಗೌಸಬೀಯ ಮುಖ ಬಿಗಿಯಿತು.

“ನನ್ನ ಪುಡಿ ಮೂವತ್ತು ವರ್ಷದ್ದು. ಲವಂಗ, ಉಪ್ಪು, ಪಟಕ, ಇದ್ದಲಿ. ಇವತ್ತಿನ ತನಕ ಒಬ್ಬರ ಹಲ್ಲು ನೊಂದಿಲ್ಲ. ನೀರು ಸ್ವಚ್ಛ ಮಾಡೂ ಇದ್ದಲಿ ಅಂತ ನೀವ ಅಂದ್ರಿ. ನೀರು ಸ್ವಚ್ಛ ಮಾಡೂದು ಹಲ್ಲು ಸ್ವಚ್ಛ ಮಾಡೂದಿಲ್ಲೇನು?”

“ನೆಲಾ ಒರಸಿದ ಅರಿವಿ ಆಮ್ಯಾಲೆ ಹೆಂಗಿರತೈತಿ ಯವ್ವಾ?” ಎಂದಳು ದಾನೇಶ್ವರಿ. “ನೆಲಾ ಸ್ವಚ್ಛ ಆತು. ಹೊಲಸು ಎಲ್ಲಿ ಹೋತು? ಅರಿವ್ಯಾಗ ಕುಂತಿತು. ಇದೂ ಹಂಗ. ನಾಕು ತಿಂಗಳ ಹೊಲಸು ಇದರಾಗ ಕುಂತೈತಿ. ನಾ ಅದನ್ನ ನಿನ್ನ ಉಡ್ಯಾಗ ಹಾಕಿದೆ.”

ಗೌಸಬೀ ಒಂದು ಪೊಟ್ಟಣ ಎತ್ತಿಕೊಂಡು ನೋಡಿದಳು. ಮೆಲ್ಲಗೆ ಕೆಳಗಿಟ್ಟಳು.

“ನಮ್ಮ ಜಾಸ್ಮೀನ...” ಎಂದಳು. “ಯಾ ಅಲ್ಲಾ,” ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಒಂದು ಚೀಲದಲ್ಲಿ ಅರ್ಧ ಬೀಸಿದ್ದಳಂತೆ. ಉಳಿದದ್ದು ಮನೆಯಲ್ಲೇ ಇತ್ತು. ಆದದ್ದು ಎಪ್ಪತ್ತು ಪೊಟ್ಟಣ. ಮುಂದೆ ಇದ್ದದ್ದು ಇಪ್ಪತ್ತನಾಲ್ಕು. ನಲವತ್ತಾರು ಪೊಟ್ಟಣ ಯಲಬುರ್ಗಾದ ಸಂತೆಯಲ್ಲಿ, ಕುಷ್ಟಗಿಯಲ್ಲಿ, ಇವತ್ತು ಬೆಳಿಗ್ಗೆ ಇಲ್ಲಿ, ಹೀಗೆ ಕೈಯಿಂದ ಕೈಗೆ ದಾಟಿ ಹೋಗಿದ್ದವು. ಯಾರು ಯಾರು ಒಯ್ದರು? ಗೌಸಬೀಗೆ ಮುಖಗಳು ನೆನಪಿದ್ದವು, ಹೆಸರು ಇರಲಿಲ್ಲ.

ನಲವತ್ತಾರು ಮನೆ. ಒಂದೊಂದು ಮನೆಯ ಕಟ್ಟೆಯ ಮೇಲೂ ಒಂದು ಮಗು ಕುಳಿತು ಬೆರಳು ಚೀಪುತ್ತಿರುವುದು ದಾನೇಶ್ವರಿಯ ಕಣ್ಣಿಗೆ ಕಟ್ಟಿತು. ಸಂತೆಯ ಗದ್ದಲ ಎಲ್ಲೋ ದೂರದಿಂದ ಬಂದಂತೆ ಕೇಳುತ್ತಿತ್ತು.

ಹತ್ತಿರದಲ್ಲೇ ಮಾಜೀದ ಎಂಬವನು ಟಂಟಂ ನಿಲ್ಲಿಸಿಕೊಂಡು, ಮೈಕ್ ಹಚ್ಚಿ ಟೊಮೇಟೊ ಕೂಗುತ್ತಿದ್ದ. ದಾನೇಶ್ವರಿ ಎದ್ದು ಆ ಕಡೆ ನಡೆದಳು. ಪ್ರಭುರಾಜ ಅಡ್ಡ ಬಂದ.

“ಬ್ಯಾಡ್ರಿ ಅಕ್ಕೋರ, ಕೈ ಮುಗೀತೀನಿ. ಮಂದಿ ನಮ್ಮನ್ನ ಬಡಿದು ಹಾಕ್ತಾರ. ನಾ ಆಮ್ಯಾಲೆ ಆರೋಗ್ಯ ಇಲಾಖೆಯವರಿಗೆ ಫೋನ್ ಮಾಡ್ತೀನಿ, ಅವರ ನೋಡಿಕೋತಾರ.”

“ಅವರು ಬರೂತನಕ ಸಂತಿ ಕರಗತೈತಿ ಸರ.”

“ನಿಮಗ ಅಂಜಿಕಿ ಇಲ್ಲೇನ್ರಿ?”

“ನನ್ನ ಕಾಲು ನೋಡ್ರಿ,” ಎಂದಳು. ಸೀರೆಯ ನಿರಿಗೆ ಗಾಳಿಯಿಲ್ಲದೆಯೂ ಅಲುಗಾಡುತ್ತಿತ್ತು.

ಪ್ರಭುರಾಜ ಕಾರಿನ ಕಡೆ ಹೊರಟುಹೋದ. ಮಾಜೀದ ಏನೂ ಅರ್ಥವಾಗದೆ ಮೈಕ್ ಕೊಟ್ಟ. ಹದಿನಾರು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ಬಾಯಿಂದ ಮೊದಲು ಉಸಿರಷ್ಟೇ ಹೊರಟಿತು. ಆ ಉಸಿರೇ ಸಂತೆಯ ತುಂಬ ಬುಸುಗುಟ್ಟಿತು. ಜನ ತಿರುಗಿ ನೋಡಿದರು.

“ನಾ ದಾನೇಶ್ವರಿ. ಹಿಟ್ನಾಳ ಕಡೆಯಾಕಿ, ಅಂಗನವಾಡಿ ಟೀಚರ್. ಇವತ್ತು ಮುಂಜಾನೆ ಗೌಸಬೀ ಹತ್ರ ಹಲ್ಲುಪುಡಿ ಒಯ್ದವರು ದಯಮಾಡಿ ವಾಪಸ್ ತರ್ರಿ. ಅದರಾಗ ಸೀಸದ ವಿಷ ಐತಿ. ಗೌಸಬೀದು ತಪ್ಪಿಲ್ಲ. ವಿಷದ ಇದ್ದಲಿ ಆಕಿಗೆ ಕೊಟ್ಟಾಕಿ ನಾನು. ಸಣ್ಣ ಮಕ್ಕಳ ಕೈಗೆ ಕೊಡಬ್ಯಾಡ್ರಿ. ಕೊಟ್ಟಿದ್ರ ನಮಗ ಹೇಳ್ರಿ, ದವಾಖಾನಿಗೆ ನಾವ ಕರಕೊಂಡು ಹೋಗ್ತೀವಿ.”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬ ಹೆಂಗಸು ಕೈಯಲ್ಲಿದ್ದ ಪೊಟ್ಟಣವನ್ನು ಗೌಸಬೀಯ ಮುಖಕ್ಕೆ ಎಸೆದಳು. ಇನ್ನೊಬ್ಬ ಗೋಣಿಯನ್ನು ಒದೆಯಲು ಕಾಲೆತ್ತಿದ. ದಾನೇಶ್ವರಿ ನಡುವೆ ಹೋಗಿ ನಿಂತಳು. “ಚೆಲ್ಲಬ್ಯಾಡೋ ಯಪ್ಪಾ, ಚೆಲ್ಲಿದ್ರ ಮಣ್ಣಾಗ ಕೂಡತೈತಿ,” ಎಂದು ಅಂಗಲಾಚಿದಳು. ಯಾರೋ ಅವಳ ತೋಳು ಹಿಡಿದು ಜಗ್ಗಿದರು. ರವಿಕೆಯ ಹೊಲಿಗೆ ಹರಿಯಿತು. ಬೈಗುಳಗಳಲ್ಲಿ ಅವಳ ತಾಯಿ, ತಂದೆ, ಹುಟ್ಟು ಎಲ್ಲ ಬಂದವು. ಗುಂಪು ಒತ್ತೊತ್ತಿ ಬರುತ್ತಿದ್ದಂತೆ, ಇವತ್ತು ನಾನು ಇಲ್ಲಿಂದ ಹೋಗುವುದಿಲ್ಲ ಎಂದೇ ಅವಳಿಗೆ ಅನಿಸಿತು.

ಆಗ ಮೈಕಿನಲ್ಲಿ ಗಂಡಸಿನ ದನಿ ಕೇಳಿತು. “ಆ ಅಕ್ಕೋರನ್ನ ಬಿಡ್ರಿ. ಇದ್ದಲಿ ಮಾಡಿದಾಂವ ನಾನು. ನನ್ನ ಹೆಸರು ಪ್ರಭುರಾಜ. ಅವರಿಗೆ ಸರಿಯಾಗಿ ಹೇಳಲಾರದಾಂವ ನಾನು. ಏನ ಬಯ್ಯೂದಿದ್ರೂ ನನಗ ಬಯ್ರಿ.” ಕಾರಿನ ತನಕ ಹೋದವನು ಯಾಕೆ ಮರಳಿದ ಎಂದು ಅವಳು ಆಮೇಲೂ ಕೇಳಲಿಲ್ಲ.

ಸಂತೆ ಮುಗಿಯುವ ಹೊತ್ತಿಗೆ ಹನ್ನೊಂದು ಪೊಟ್ಟಣ ಮರಳಿ ಬಂದವು. ಮರುದಿನದಿಂದ ಮಾಜೀದನ ಟಂಟಂ ಹತ್ತಿ ಅವರು ಕುಷ್ಟಗಿಯ ಓಣಿಗಳನ್ನು, ಯಲಬುರ್ಗಾದ ಸುತ್ತಲಿನ ಹಳ್ಳಿಗಳನ್ನು ತಿರುಗಿದರು. ಮುಖ ಗುರುತಿಸಲು ಗೌಸಬೀಯೂ ಜೊತೆಗಿದ್ದಳು. ಇನ್ನೂ ಇಪ್ಪತ್ತಾರು ಸಿಕ್ಕವು. ಕೆಲವರ ಮನೆಯಲ್ಲಿ ಪೊಟ್ಟಣ ಒಡೆದೇ ಇರಲಿಲ್ಲ. ಕೆಲವರ ಮನೆಯಲ್ಲಿ ತಳ ಕಂಡಿತ್ತು.

ಪುಡಿ ಬಾಯಿಗೆ ಹೋಗಿದ್ದ ಹನ್ನೊಂದು ಮಕ್ಕಳ ರಕ್ತ ತೆಗೆಸಿದರು. ಅಂಗನವಾಡಿಯ ಹದಿನೆಂಟು ಮಕ್ಕಳದೂ ತೆಗೆಸಿದರು. ರಕ್ತ ದೂರದ ಪ್ರಯೋಗಾಲಯಕ್ಕೆ ಹೋಯಿತು. ವರದಿ ಬರಲು ಆರು ದಿನ. ಆ ಆರು ದಿನ ದಾನೇಶ್ವರಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಿದ್ದಳು. ಮಕ್ಕಳಿಗೆ ಊಟ ಬಡಿಸುವುದನ್ನು ಪಾರ್ವತೆಮ್ಮನಿಗೆ ಬಿಟ್ಟು ತಾನು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಂದು ದಿನ ಒಬ್ಬ ಹುಡುಗ ಆಟದಲ್ಲಿ ಮುಗ್ಗರಿಸಿದ್ದಕ್ಕೇ, ಸೀಸ ತಲೆಗೇರಿದೆ ಎಂದುಕೊಂಡು ಅವನನ್ನು ಎತ್ತಿಕೊಂಡು ರಸ್ತೆಯ ತನಕ ಓಡಿದ್ದಳು.

ಅಂಗನವಾಡಿಯ ಮಕ್ಕಳಲ್ಲಿ ಯಾರಿಗೂ ಏನೂ ಇರಲಿಲ್ಲ. ಉಳಿದ ಹನ್ನೊಂದರಲ್ಲಿ ಮೂರು ಮಕ್ಕಳ ರಕ್ತದಲ್ಲಿ ಸೀಸವಿತ್ತು. ಎಲ್ಲಕ್ಕಿಂತ ಹೆಚ್ಚು ಜಾಸ್ಮೀನಳದು. ಐದು ಮೈಕ್ರೊಗ್ರಾಂ ಒಳಗೆ ಇರಬೇಕಾದದ್ದು ಹತ್ತೊಂಬತ್ತು ಇತ್ತು.

ಕೊಪ್ಪಳದ ದವಾಖಾನೆಯ ವೈದ್ಯೆ ರೇಣುಕಾದೇವಿ ಕಾಗದವನ್ನು ಎರಡು ಸಲ ಓದಿದರು. “ಇನ್ನ ಎರಡು ತಿಂಗಳು ನೆಕ್ಕಿದ್ರ ಮಾತು ಬ್ಯಾರೆ ಇತ್ತು,” ಎಂದರು. “ಈಗ ಸೀಸ ತೆಗಿಯೂ ಔಷಧ ಬೇಕಾಗಿಲ್ಲ. ಹಾಲು, ತತ್ತಿ, ಸೊಪ್ಪು, ಕಬ್ಬಿಣದ ಟಾನಿಕ್ ಕೊಡ್ರಿ. ಮೂರು ತಿಂಗಳಿಗೆ ಮತ್ತ ರಕ್ತ ನೋಡೂಣು.”

“ಪೂರಾ ಆರಾಮ ಆಗತಾಳೇನ್ರಿ?” ಜೈನಾಬೀ ಕೇಳಿದಳು.

“ಕಮ್ಮಿ ಆಗತೈತ್ರಿ. ಮುಂದ ಓದೂದರಾಗ, ಆಡೂದರಾಗ ಏನರ ವ್ಯತ್ಯಾಸ ಕಂಡ್ರ ಕರಕೊಂಡು ಬರ್ರಿ.”

ಆ ಕೊನೆಯ ಮಾತನ್ನು ಅಲ್ಲಿದ್ದವರು ಯಾರೂ ಮರೆಯಲಿಲ್ಲ.

ದಾನೇಶ್ವರಿಗೆ ಇಲಾಖೆಯಿಂದ ನೋಟೀಸು ಬಂತು, ವಿಚಾರಣೆ ಶುರುವಾಯಿತು. ಪ್ರಭುರಾಜನಿಗೂ ಕಾಲೇಜಿನಲ್ಲಿ ಅದೇ ಪಾಡು. ಡ್ರಮ್ಮನ್ನು ಕೀಳಬೇಕೆಂದು ಕೆಲವರು ಹಟ ಹಿಡಿದರು. ಆದರೆ ಬೇರೆ ನೀರು ಊರಿಗೆ ಇರಲಿಲ್ಲ, ಡ್ರಮ್ಮು ಉಳಿಯಿತು. ಹಳೆಯ ಇದ್ದಲಿಯನ್ನು ಈಗ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ವಿಷದ ಕಸ ತೆಗೆದುಕೊಳ್ಳುವ ಕಡೆ ಕಳಿಸುತ್ತಾರೆ. ಅದರ ಬೀಗದ ಕೈ ದಾನೇಶ್ವರಿಯ ಸೊಂಟದಲ್ಲೇ ಇರುತ್ತದೆ.

ಮೂರು ತಿಂಗಳ ಮೇಲೆ ಜಾಸ್ಮೀನಳ ರಕ್ತದಲ್ಲಿ ಸೀಸ ಹನ್ನೊಂದಕ್ಕೆ ಇಳಿದಿತ್ತು. ದವಾಖಾನೆಯ ಬೆಂಚಿನ ಮೇಲೆ ಗೌಸಬೀ ದಾನೇಶ್ವರಿಯ ಪಕ್ಕ ಕುಳಿತಿದ್ದಳು. ಅವಳು ಪುಡಿ ಮಾಡುವುದನ್ನೇ ಬಿಟ್ಟಿದ್ದಳು. ಮಾಡಿದರೂ ಕೊಳ್ಳುವವರು ಇರಲಿಲ್ಲ.

“ನಿಮ್ಮ ಮ್ಯಾಲ ಸಿಟ್ಟು ಹೋಗಿಲ್ಲ ಅಕ್ಕೋರ,” ಎಂದಳು. “ಆದ್ರ ಅವತ್ತು ನೀವು ಬಾಯಿ ಮುಚ್ಚಿಕೊಂಡಿದ್ರ ನನ್ನ ಮೊಮ್ಮಗಳು ಇವತ್ತಿಗೂ ನೆಕ್ಕತಿದ್ಲು.”

ದಾನೇಶ್ವರಿ ತಲೆಯಾಡಿಸಿದಳು. ಒಂಬತ್ತು ಪೊಟ್ಟಣ ಇನ್ನೂ ಎಲ್ಲೋ ಇದ್ದವು. ರಜೆ ಸಿಕ್ಕಾಗಲೆಲ್ಲ ಅವಳು ಮಾಜೀದನ ಟಂಟಂ ಹತ್ತಿ ಸಂತೆಗೆ ಹೋಗುತ್ತಿದ್ದಳು. ಜನ ಅವಳನ್ನು ಕಂಡು ದೂರ ಸರಿಯುತ್ತಿದ್ದರು.

ಮೊನ್ನೆ ಯಲಬುರ್ಗಾದಲ್ಲಿ ಒಬ್ಬ ಮುದುಕ ಟಂಟಂ ಹತ್ತಿರ ಬಂದ. ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಟವೆಲ್. ತನ್ನ ಹೆಸರು ಗಾಳೇಶ, ಆಚೆ ಹೊಲದ ಮನೆಯಲ್ಲಿರುತ್ತೇನೆ, ಪೊಟ್ಟಣ ವಾಪಸ್ ಕೊಡಬೇಕೆಂಬ ಮಾತಷ್ಟೇ ಈಗ ಕಿವಿಗೆ ಬಿತ್ತು ಎಂದ. ಜೇಬಿನಿಂದ ಪೊಟ್ಟಣವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಅದು ಹಗುರವಾಗಿತ್ತು. ಬಿಚ್ಚಿ ನೋಡಿದರೆ ತಳದಲ್ಲಿ ಒಂದು ಚಿಟಿಕೆಯಷ್ಟು ಕರಿ ಪುಡಿ ಉಳಿದಿತ್ತು.

ದಾನೇಶ್ವರಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

“ಮನ್ಯಾಗ ಸಣ್ಣ ಮಕ್ಕಳು ಅದಾವೇನ್ರಿ ಯಜಮಾನರ?”

“ಅದಾವಲ್ರಿ, ಎರಡು. ಮೊಮ್ಮಕ್ಕಳು. ಯಾಕ್ರಿ?”

ಅವಳು ಟಂಟಂನಿಂದ ಕೆಳಗಿಳಿದು ಅವನ ಕೈ ಹಿಡಿದಳು. “ಬರ್ರಿ, ಇಲ್ಲಿ ನೆರಳಿಗೆ ಕುಂಡರ್ರಿ,” ಎಂದಳು. “ಮೊದಲಿಂದ ಹೇಳತೀನಿ.”